ನೊಂದವರ ಮುಖ ಕಾರ್ಟೂನ್ ಆದಾಗ

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬುದು ನಮ್ಮ ಹಿರಿಯರ ಮಾತು. ಅವರು ಈ ಮಾತನ್ನಾಡಿದ ಕಾಲದಲ್ಲಿ ಕ್ಯಾಮೆರಾ ಇರಲಿಲ್ಲ. ಕಣ್ಣಿಗೆ ಕಂಡದ್ದು ಮರುಗಳಿಗೆ ಮರೆಯಾಗುತ್ತಿತ್ತು. ಉಳಿಯುತ್ತಿದ್ದುದು ಕಂಡವರ ನೆನಪು ಮತ್ತು ಅವರು ನುಡಿಯುವ ಸಾಕ್ಷಿ ಮಾತ್ರ. ಇಂದು ಹೊಲಕ್ಕೆ ಹೋಗುವ ರೈತನ ಕಿಸೆಯಲ್ಲೂ ಕ್ಯಾಮೆರಾ ಇದೆ. ಕಂಡದ್ದನ್ನು ಕಂಡಂತೆಯೇ ಹಿಡಿದಿಡುವ ಆ ಫೋನಿನಲ್ಲೇ, ಹಿಡಿದಿಟ್ಟದ್ದನ್ನು ಬೇಕಾದ ಹಾಗೆ ರೂಪಾಂತರಿಸುವ ತಂತ್ರಾಂಶವೂ ಇದೆ. ಅಂಥ ರೂಪಾಂತರಗಳಲ್ಲಿ ಒಂದು, ನಿಜವಾದ ವಿಡಿಯೊ ದೃಶ್ಯವನ್ನು ಕಾರ್ಟೂನ್ ಚಿತ್ರದಂತೆ ಮಾರ್ಪಡಿಸುವುದು. ದೃಶ್ಯದಲ್ಲಿ ನಡೆಯುತ್ತಿದ್ದವರು ನಡೆಯುತ್ತಲೇ ಇರುತ್ತಾರೆ, ಆಡಿದ ಮಾತೂ ಅದೇ ಇರುತ್ತದೆ. ಆದರೆ ಮುಖದ ಸುಕ್ಕು, ಹಣೆಯ ಮೇಲಿನ ಹಳೆಯ ಕಲೆ, ಕಣ್ಣಂಚಿನ ತೇವ ಇವೆಲ್ಲ ಅಳಿದುಹೋಗಿ ದಪ್ಪನೆಯ ಗೆರೆಗಳೂ ಸಪಾಟಾದ ಬಣ್ಣಗಳೂ ಉಳಿಯುತ್ತವೆ.

ಮಗುವಿನ ಮೊದಲ ಹೆಜ್ಜೆ, ಮದುವೆಯ ಮೆರವಣಿಗೆ, ಗೋದಲಿಯ ಮುಂದೆ ಮಕ್ಕಳ ಕುಣಿತ, ಇಂಥವನ್ನು ಹೀಗೆ ಮಾರ್ಪಡಿಸಿ ಮನೆಮಂದಿಯೆಲ್ಲ ನೋಡಿ ನಗುವುದರಲ್ಲಿ ಯಾವ ದೋಷವೂ ಇಲ್ಲ. ಸಂತೋಷವನ್ನು ಸಿಂಗರಿಸುವುದು ಮನುಷ್ಯನ ಸಹಜ ಗುಣ. ಆದರೆ ದೃಶ್ಯದಲ್ಲಿರುವುದು ಸಂಕಟವಾದರೆ? ಏಟು ತಿನ್ನುತ್ತಿರುವ ವೃದ್ಧ, ಮಗನ ಶವದ ಮುಂದೆ ಕುಳಿತ ತಾಯಿ, ನೆರೆಯಲ್ಲಿ ಮನೆ ಕಳೆದುಕೊಂಡು ನಿಂತ ಕುಟುಂಬ, ಇವರ ಮುಖಗಳನ್ನೂ ಗೆರೆ ಬಣ್ಣಗಳಾಗಿ ಕರಗಿಸಬಹುದೇ? ಕರಗಿಸಿದರೆ ಕಳೆದುಹೋಗುವುದೇನು? ಅದರಿಂದ ಯಾರಿಗಾದರೂ ಒಳಿತಾಗುವುದುಂಟೇ? ಮೇಲ್ನೋಟಕ್ಕೆ ಇದು ತಂತ್ರಜ್ಞಾನದ ಪ್ರಶ್ನೆಯಂತೆ ತೋರಿದರೂ ಇದರ ಬೇರು ನೀತಿಯಲ್ಲಿದೆ.

ಗೆರೆ ಎಳೆಯುವ ಕೈ, ಗೆರೆ ಎಳೆಯುವ ಯಂತ್ರ

ಈ ವಿದ್ಯೆ ಹೊಸದೇನಲ್ಲ. ಅಮೆರಿಕದ ಮ್ಯಾಕ್ಸ್ ಫ್ಲೈಷರ್ ಎಂಬುವರು 1915ರಲ್ಲಿ ‘ರೋಟೊಸ್ಕೋಪ್’ ಎಂಬ ಸಾಧನಕ್ಕೆ ಪೇಟೆಂಟ್ ಕೋರಿ ಅರ್ಜಿ ಸಲ್ಲಿಸಿದರು. 1917ರಲ್ಲಿ ಅದು ಅವರಿಗೆ ದೊರೆಯಿತು. ಚಲನಚಿತ್ರದ ಸುರುಳಿಯನ್ನು ಒಂದೊಂದೇ ಚಿತ್ರವಾಗಿ ಗಾಜಿನ ಮೇಲೆ ಮೂಡಿಸಿ, ಅದರ ಮೇಲೆ ಕಾಗದವಿಟ್ಟು ಕೈಯಿಂದ ಗೆರೆ ಎಳೆಯುವುದು ಆ ಸಾಧನದ ಉಪಾಯ. ಅವರ ತಮ್ಮ ಡೇವ್ ಫ್ಲೈಷರ್ ವಿದೂಷಕನ ವೇಷ ತೊಟ್ಟು ಕುಣಿದ ದೃಶ್ಯವೇ ‘ಕೊಕೊ’ ಎಂಬ ಕಾರ್ಟೂನ್ ವಿದೂಷಕನಿಗೆ ಆಧಾರವಾಯಿತು. 1937ರಲ್ಲಿ ತೆರೆಕಂಡ ಡಿಸ್ನಿಯವರ ‘ಸ್ನೋ ವೈಟ್’ ಚಿತ್ರದ ರಾಜಕುಮಾರಿಯ ಚಲನವಲನಕ್ಕೂ ನಿಜವಾದ ನರ್ತಕಿಯೊಬ್ಬರ ಚಲನೆಯೇ ಮಾದರಿ. 2006ರ ‘ಎ ಸ್ಕ್ಯಾನರ್ ಡಾರ್ಕ್ಲಿ’ ಎಂಬ ಚಿತ್ರದಲ್ಲಿ ಕಲಾವಿದರು ಗಣಕಯಂತ್ರದ ನೆರವು ಪಡೆದು ನಟರ ಮೇಲೆಯೇ ಬಣ್ಣ ಬಳಿದರು. ನಟನೆಯ ಚಿತ್ರೀಕರಣ ಕೆಲವೇ ವಾರಗಳಲ್ಲಿ ಮುಗಿಯಿತು. ಅದರ ಮೇಲೆ ಚಿತ್ರ ಬರೆಯಲು ಒಂದು ವರ್ಷಕ್ಕೂ ಹೆಚ್ಚು ಕಾಲ ಬೇಕಾಯಿತು.

ಇಂದಿನ ತಂತ್ರಾಂಶಕ್ಕೆ ಅಷ್ಟು ಕಾಲ ಬೇಕಿಲ್ಲ. ವಿಡಿಯೊದ ಒಂದು ಸೆಕೆಂಡಿನಲ್ಲಿ ಸಾಮಾನ್ಯವಾಗಿ 24, 25 ಅಥವಾ 30 ಸ್ಥಿರಚಿತ್ರಗಳಿರುತ್ತವೆ. ‘ಆಫ್ಟರ್ ಎಫೆಕ್ಟ್ಸ್’ನಂಥ ತಂತ್ರಾಂಶದ ಕಾರ್ಟೂನ್ ಸೌಲಭ್ಯವು ಪ್ರತಿಯೊಂದು ಚಿತ್ರದ ಮೇಲೂ ಮೂರು ಕೆಲಸ ಮಾಡುತ್ತದೆ. ಮೊದಲು, ಸಣ್ಣಪುಟ್ಟ ಏರಿಳಿತಗಳನ್ನು ಒರೆಸಿ ನುಣುಪಾಗಿಸುತ್ತದೆ. ಎರಡನೆಯದಾಗಿ, ಲೆಕ್ಕವಿಲ್ಲದಷ್ಟು ಬಣ್ಣದ ಛಾಯೆಗಳನ್ನು ಬೆರಳೆಣಿಕೆಯಷ್ಟಕ್ಕೆ ಇಳಿಸುತ್ತದೆ. ಮೂರನೆಯದಾಗಿ, ಬೆಳಕು ಥಟ್ಟನೆ ಬದಲಾಗುವ ಅಂಚುಗಳನ್ನು ಗುರುತಿಸಿ ಅಲ್ಲಿ ಕಪ್ಪು ಗೆರೆ ಎಳೆಯುತ್ತದೆ. ಈಚೆಗೆ ಬಂದಿರುವ ಕೃತಕ ಬುದ್ಧಿಮತ್ತೆಯ ಸಾಧನಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿವೆ. ಸಾವಿರಾರು ಕಾರ್ಟೂನ್ ಚಿತ್ರಗಳನ್ನು ನೋಡಿ ಕಲಿತ ಅವು, ನಮ್ಮ ದೃಶ್ಯವನ್ನು ಆ ಚಿತ್ರಗಳ ಅಚ್ಚಿನಲ್ಲಿ ಹೊಸದಾಗಿಯೇ ಬರೆದುಬಿಡುತ್ತವೆ. ಹಳೆಯ ವಿಧಾನ ಇದ್ದುದನ್ನು ಅಳಿಸುತ್ತಿತ್ತು. ಹೊಸ ವಿಧಾನ ಇಲ್ಲದ್ದನ್ನು ಸೇರಿಸಲೂ ಬಲ್ಲುದು. ಬಾಡಿದ ಕಣ್ಣು ಅಗಲವಾಗಿ ಹೊಳೆಯಬಹುದು, ಒಡೆದ ತುಟಿ ಮುದ್ದಾಗಿ ಕಾಣಬಹುದು.

ಜಪಾನಿನ ಹಯಾವೊ ಮಿಯಾಜಾಕಿಯವರ 2013ರ ‘ದ ವಿಂಡ್ ರೈಸಸ್’ ಚಿತ್ರದಲ್ಲಿ ಜನಸಂದಣಿಯ ಒಂದು ದೃಶ್ಯವಿದೆ. ಕೇವಲ ನಾಲ್ಕು ಸೆಕೆಂಡಿನ ಆ ದೃಶ್ಯವನ್ನು ಬರೆಯಲು ಒಬ್ಬ ಕಲಾವಿದರು ಒಂದು ವರ್ಷ ಮೂರು ತಿಂಗಳು ದುಡಿದರು. ಇಲ್ಲಿ ಗಮನಿಸಬೇಕಾದದ್ದು ಶ್ರಮದ ಪ್ರಮಾಣವಷ್ಟೇ ಅಲ್ಲ. ಒಂದು ಮುಖವನ್ನು ಕೈಯಿಂದ ಬರೆಯುವವನು ಆ ಮುಖವನ್ನು ಹೊತ್ತುಗಟ್ಟಲೆ ನೋಡಲೇಬೇಕು. ಯಾವ ಗೆರೆಯನ್ನು ಉಳಿಸಬೇಕು, ಯಾವುದನ್ನು ಬಿಡಬೇಕು ಎಂದು ಅವನು ನಿರ್ಧರಿಸುತ್ತಾನೆ. ಆ ನಿರ್ಧಾರಕ್ಕೆ ಹೊಣೆಗಾರನೂ ಆಗುತ್ತಾನೆ. ಯಂತ್ರ ಎಳೆದ ಗೆರೆಯಲ್ಲಿ ಯಾರ ನೋಟವೂ ಇಲ್ಲ. ಗುಂಡಿ ಒತ್ತಿದವನು ಆ ಮುಖವನ್ನು ಒಮ್ಮೆಯೂ ಸರಿಯಾಗಿ ನೋಡದೆ ಇರಬಹುದು.

ಚಿತ್ರವೆಲ್ಲ ಸುಳ್ಳಲ್ಲ

ಹಾಗೆಂದು ಇದ್ದುದನ್ನು ಇದ್ದಂತೆಯೇ ತೋರಿಸದ ಚಿತ್ರವೆಲ್ಲ ಸುಳ್ಳು ಎನ್ನಲಾಗದು. ನಮ್ಮ ನಾಡಿನ ಊರೂರುಗಳಲ್ಲಿ ನಿಂತಿರುವ ವೀರಗಲ್ಲುಗಳನ್ನು ನೋಡಿ. ತುರು ಕಾಯಲು ಹೋಗಿ ಮಡಿದವನ, ಊರನ್ನು ಉಳಿಸಲು ಕಾದಿ ಸತ್ತವನ ನೆನಪಿಗೆ ನಿಲ್ಲಿಸಿದ ಕಲ್ಲುಗಳವು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವಣ ಪಟ್ಟಿಕೆಯಲ್ಲಿ ವೀರನನ್ನು ಕರೆದೊಯ್ಯುವ ದೇವಕನ್ಯೆಯರು, ಮೇಲಿನದರಲ್ಲಿ ದೈವಸನ್ನಿಧಿ. ಸತ್ತವನ ಮುಖದ ಹೋಲಿಕೆ ಅಲ್ಲಿರುವುದಿಲ್ಲ. ಒಂದು ಕಲ್ಲಿನ ವೀರನಂತೆಯೇ ಇನ್ನೊಂದು ಕಲ್ಲಿನ ವೀರನೂ ಕಾಣುತ್ತಾನೆ. ಆದರೂ ಅದನ್ನು ಯಾರೂ ಸುಳ್ಳೆಂದು ಕರೆಯಲಿಲ್ಲ. ಕೆತ್ತಿದವನ ಉದ್ದೇಶ ಸತ್ತವನ ತ್ಯಾಗವನ್ನು ಗೌರವಿಸುವುದಾಗಿತ್ತು. ಅನೇಕ ಕಲ್ಲುಗಳ ಮೇಲೆ ಅವನ ಹೆಸರನ್ನೂ ಬರೆಸಿ ಈತ ಇಂಥವನೇ ಎಂದು ಸಾರಲಾಯಿತು.

ಧಾರವಾಡ ಜಿಲ್ಲೆಯ ನವಲಗುಂದ ತಾಲ್ಲೂಕಿನಲ್ಲಿ, ಬೆಣ್ಣಿಹಳ್ಳದ ದಂಡೆಯಲ್ಲಿ ಯಮನೂರು ಎಂಬ ಊರಿದೆ. ಅಲ್ಲಿನ ಪುಣ್ಯಪುರುಷರನ್ನು ಹಿಂದೂಗಳು ಚಾಂಗದೇವರೆಂದೂ ಮುಸಲ್ಮಾನರು ರಾಜಾ ಬಾಗಸವಾರರೆಂದೂ ಕರೆಯುತ್ತಾರೆ. ಜಾತ್ರೆಯ ಹೊತ್ತಿಗೆ ಎರಡೂ ಸಮುದಾಯದ ಭಕ್ತರು ಬಂದು ಹಳ್ಳದಲ್ಲಿ ಮಿಂದು ದರ್ಶನ ಪಡೆಯುತ್ತಾರೆ. ಬಾಗಸವಾರ ಎಂದರೆ ಹುಲಿಯನ್ನೇರಿದವನು. ಚಾಂಗದೇವರು ಹುಲಿಯ ಬೆನ್ನೇರಿ, ಹಾವನ್ನೇ ಚಾಟಿ ಮಾಡಿಕೊಂಡು ಸಂತ ಜ್ಞಾನೇಶ್ವರರನ್ನು ಕಾಣಲು ಬಂದರೆಂಬ ಐತಿಹ್ಯ ಮಹಾರಾಷ್ಟ್ರದಲ್ಲೂ ಪ್ರಸಿದ್ಧ. ಆ ಮಹನೀಯರ ನಿಜವಾದ ಮುಖಚಹರೆ ಜನರ ನೆನಪಿನಲ್ಲಿಲ್ಲ. ಜನಮನದಲ್ಲಿ ನಿಂತಿರುವುದು ಹುಲಿಯ ಮೇಲೆ ಕುಳಿತ ಒಂದು ಆಕೃತಿ ಮಾತ್ರ. ಚಹರೆ ಮಸುಕಾದುದರಿಂದಲೇ ಎರಡು ಮತದವರೂ ಆ ಆಕೃತಿಯಲ್ಲಿ ತಮ್ಮವರನ್ನು ಕಾಣಲು ಸಾಧ್ಯವಾಯಿತು ಎಂದರೆ ತಪ್ಪಾಗಲಾರದು.

ಸರಳ ಗೆರೆಗಿರುವ ಈ ಶಕ್ತಿಯನ್ನು ಅಮೆರಿಕದ ಚಿತ್ರಕಾರ ಸ್ಕಾಟ್ ಮೆಕ್‌ಕ್ಲೌಡ್ 1993ರಲ್ಲಿ ಪ್ರಕಟಿಸಿದ ತಮ್ಮ ‘ಅಂಡರ್‌ಸ್ಟ್ಯಾಂಡಿಂಗ್ ಕಾಮಿಕ್ಸ್’ ಕೃತಿಯಲ್ಲಿ ವಿವರಿಸಿದ್ದಾರೆ. ಛಾಯಾಚಿತ್ರದಲ್ಲಿರುವ ಮುಖ ಒಬ್ಬ ನಿರ್ದಿಷ್ಟ ವ್ಯಕ್ತಿಯದು. ಅದು ಬೇರೆಯವರ ಮುಖ. ಅದನ್ನು ಸರಳಗೊಳಿಸುತ್ತ ಹೋಗಿ ಒಂದು ವೃತ್ತ, ಎರಡು ಚುಕ್ಕೆ, ಒಂದು ಗೆರೆಗೆ ತಂದು ನಿಲ್ಲಿಸಿದರೆ ಅದು ಯಾರ ಮುಖವಾದರೂ ಆಗಬಹುದು. ನೋಡುಗ ತನ್ನನ್ನೇ ಅದರಲ್ಲಿ ಕಾಣಬಹುದು. ಒಟ್ಟಿನಲ್ಲಿ, ವಿಡಿಯೊ ನಮಗೆ ‘ಇವರು’ ಎಂದು ಬೊಟ್ಟು ಮಾಡಿ ತೋರಿಸುತ್ತದೆ. ಕಾರ್ಟೂನು ‘ಯಾರಾದರೂ’ ಎನ್ನುತ್ತದೆ. ನಾವು ಎತ್ತಿಕೊಂಡ ನೈತಿಕ ಪ್ರಶ್ನೆಯ ತಿರುಳು ‘ಇವರು’ ಮತ್ತು ‘ಯಾರಾದರೂ’ ಎಂಬ ಈ ಎರಡು ಪದಗಳ ನಡುವೆ ಇದೆ.

ಯಮನೂರಿನ ದೃಶ್ಯಗಳು

ಅದೇ ಯಮನೂರಿನ ಹೆಸರು 2016ರ ಜುಲೈ ತಿಂಗಳ ಕೊನೆಯಲ್ಲಿ ಬೇರೊಂದು ಕಾರಣಕ್ಕೆ ನಾಡಿನ ಮನೆಮನೆಯಲ್ಲೂ ಕೇಳಿಬಂದಿತು. ಮಹದಾಯಿಯ ನೀರನ್ನು ಮಲಪ್ರಭೆಗೆ ತಿರುಗಿಸಬೇಕೆಂದು ನವಲಗುಂದ, ನರಗುಂದ ಭಾಗದ ರೈತರು ಒಂದು ವರ್ಷಕ್ಕೂ ಮಿಕ್ಕಿ ಹೋರಾಟ ನಡೆಸಿದ್ದರು. 7.56 ಟಿಎಂಸಿ ಅಡಿ ನೀರಿಗಾಗಿ ಕರ್ನಾಟಕ ಸಲ್ಲಿಸಿದ್ದ ಮಧ್ಯಂತರ ಕೋರಿಕೆಯನ್ನು ಮಹದಾಯಿ ಜಲವಿವಾದ ನ್ಯಾಯಮಂಡಳಿ ಜುಲೈ 27ರಂದು ತಳ್ಳಿಹಾಕಿತು. ರೈತರ ಆಕ್ರೋಶ ಭುಗಿಲೆದ್ದಿತು. ನವಲಗುಂದದಲ್ಲಿ ಸರ್ಕಾರಿ ಕಚೇರಿಗಳಿಗೆ ಹಾನಿಯಾಯಿತು. ಅದರ ಬೆನ್ನಲ್ಲೇ ಯಮನೂರಿನಲ್ಲಿ ಪೊಲೀಸರು ಗ್ರಾಮಸ್ಥರನ್ನು, ಅವರಲ್ಲಿ ಹೆಂಗಸರನ್ನೂ ವಯಸ್ಸಾದವರನ್ನೂ, ಲಾಠಿಯಿಂದ ಥಳಿಸಿದ ದೃಶ್ಯಗಳು ಟಿವಿ ವಾಹಿನಿಗಳಲ್ಲಿ ಪ್ರಸಾರವಾದವು. ನಾಡು ತಲ್ಲಣಿಸಿತು. ಅಧಿಕಾರದಲ್ಲಿದ್ದವರು ಉತ್ತರ ಹೇಳಲೇಬೇಕಾಯಿತು.

ಇದೇ ಸೀಮೆಯಲ್ಲಿ 36 ವರ್ಷಗಳ ಹಿಂದೆ, 1980ರ ಜುಲೈ 21ರಂದು, ನರಗುಂದ ಮತ್ತು ನವಲಗುಂದಗಳ ರೈತ ಬಂಡಾಯದಲ್ಲಿ ಗೋಲಿಬಾರ್ ನಡೆದು ರೈತರು ಪ್ರಾಣ ತೆತ್ತಿದ್ದರು. ಅಂದು ಯಾರ ಕೈಯಲ್ಲೂ ಫೋನ್ ಇರಲಿಲ್ಲ. ಆ ದಿನದ ನೆನಪಿಗೆ ನರಗುಂದದಲ್ಲಿ ವೀರಗಲ್ಲು ನಿಂತಿದೆ. ಜುಲೈ 21 ಬಂದಾಗ ರೈತರು ಅದಕ್ಕೆ ಮಾಲೆ ಹಾಕಿ ನಮಿಸುತ್ತಾರೆ. ಒಂದು ಘಟನೆ ಕಲ್ಲನ್ನು ಉಳಿಸಿತು, ಇನ್ನೊಂದು ವಿಡಿಯೊವನ್ನು ಉಳಿಸಿತು. ಕಲ್ಲು ಸ್ಮರಣೆಯನ್ನು ಕೇಳುತ್ತದೆ. ವಿಡಿಯೊ ಉತ್ತರವನ್ನು ಕೇಳುತ್ತದೆ.

ಏಕೆಂದರೆ ವಿಡಿಯೊದಲ್ಲಿ ‘ರೈತರು’ ಎಂಬ ಬಹುವಚನವಿರಲಿಲ್ಲ. ನೋಡಿದವರು ಕಂಡದ್ದು ಒಬ್ಬೊಬ್ಬರನ್ನು. ನಮ್ಮ ಮನೆಯ ಅಜ್ಜಿಯಂಥ, ಚಿಕ್ಕಪ್ಪನಂಥ, ಆದರೂ ಬೇರೆ ಯಾರೂ ಅಲ್ಲದ ಒಬ್ಬೊಬ್ಬರನ್ನು. ಹೊಡೆಯುವ ಕೈಯೂ ಹಾಗೆಯೇ ಒಬ್ಬ ನಿರ್ದಿಷ್ಟ ಮನುಷ್ಯನದಾಗಿತ್ತು. ಈಗ ಆ ದೃಶ್ಯಗಳನ್ನು ಯಾರೋ ಕಾರ್ಟೂನಿಗೆ ಇಳಿಸುತ್ತಾರೆಂದು ಕಲ್ಪಿಸಿಕೊಳ್ಳಿ. ಪೆಟ್ಟು ತಿಂದವರು ‘ಯಾರಾದರೂ’ ಆಗಿಬಿಡುತ್ತಾರೆ. ಪೆಟ್ಟು ಕೊಟ್ಟವರು ಸಹ ‘ಯಾರಾದರೂ’ ಆಗಿಬಿಡುತ್ತಾರೆ. ಖಾಕಿ ಬಣ್ಣದ ಒಂದು ಆಕೃತಿ ಬಿಳಿ ಬಣ್ಣದ ಇನ್ನೊಂದು ಆಕೃತಿಯ ಮೇಲೆ ಕೋಲೆತ್ತುತ್ತದೆ, ಅಷ್ಟೇ. ತಪ್ಪು ಮಾಡಿದವನನ್ನು ಗುರುತಿಸಲಾಗದು. ತಪ್ಪು ಮಾಡದೆ ಅಲ್ಲೇ ನಿಂತಿದ್ದ, ಬಹುಶಃ ತಡೆಯಲು ಯತ್ನಿಸಿದ ಪೊಲೀಸನನ್ನು ಅವನಿಂದ ಬೇರ್ಪಡಿಸಲೂ ಆಗದು. ನ್ಯಾಯಕ್ಕೆ ಬೇಕಾದದ್ದು ‘ಇವರು’. ‘ಯಾರಾದರೂ’ ಹೊಡೆದರು ಎಂದರೆ ಯಾರೂ ಹೊಡೆಯಲಿಲ್ಲ ಎಂದಂತೆಯೇ ಸರಿ.

ಇನ್ನೂ ಒಂದು ಅಪಾಯವಿದೆ. 1940ರಲ್ಲಿ ಆರಂಭವಾದ ‘ಟಾಮ್ ಅಂಡ್ ಜೆರ್ರಿ’ಯಂಥ ಚಿತ್ರಗಳನ್ನು ನೋಡಿ ಬೆಳೆದ ತಲೆಮಾರುಗಳು ನಮ್ಮವು. ಅಲ್ಲಿ ಬಾಣಲೆಯ ಏಟಿಗೆ ಚಪ್ಪಟೆಯಾದ ಬೆಕ್ಕು ಮರುಗಳಿಗೆ ಎದ್ದು ಓಡುತ್ತದೆ. ಪೆಟ್ಟು ಬಿದ್ದರೆ ನಗಬೇಕೆಂದು ಆ ಚಿತ್ರರೂಪವೇ ನಮಗೆ ಬಾಲ್ಯದಲ್ಲಿ ಕಲಿಸಿದೆ. ನಿಜವಾದ ಪೆಟ್ಟನ್ನು ಆ ರೂಪದೊಳಗೆ ಇಟ್ಟಾಗ, ಮನಸ್ಸು ತನಗರಿವಿಲ್ಲದೆಯೇ ಹಳೆಯ ಅಭ್ಯಾಸಕ್ಕೆ ಜಾರುತ್ತದೆ. ನೋವಾಗಿರಲಾರದು ಎಂಬ ಒಂದು ಸಮಾಧಾನ ಎಲ್ಲಿಂದಲೋ ನುಸುಳಿ ಬರುತ್ತದೆ.

ಮರೆಮಾಡುವ ಕರುಣೆ

ಇಷ್ಟನ್ನು ಕೇಳಿ ಕಾರ್ಟೂನಿನ ವಿರುದ್ಧ ತೀರ್ಪು ಕೊಡಲು ಹೊರಟರೆ, ನ್ಯಾಯದ ಇನ್ನೊಂದು ಮಗ್ಗುಲನ್ನು ಮರೆತಂತಾಗುತ್ತದೆ. ಬೀದಿಯಲ್ಲಿ ಏಟು ತಿಂದ ಹೆಣ್ಣುಮಗಳೊಬ್ಬಳ ಸ್ಥಾನದಲ್ಲಿ ನಿಂತು ಯೋಚಿಸೋಣ. ಅವಳ ಸೆರಗು ಜಾರಿದ, ಅವಳು ಕೈಮುಗಿದು ಬೇಡಿದ ಗಳಿಗೆ ವರ್ಷಗಳ ಕಾಲ ಫೋನಿನಿಂದ ಫೋನಿಗೆ ಹರಿದಾಡುತ್ತದೆ. ಅವಳ ಮಕ್ಕಳು ಶಾಲೆಯಲ್ಲಿ ಅದನ್ನು ನೋಡುತ್ತಾರೆ, ಬೀಗರು ನೋಡುತ್ತಾರೆ. ಆ ದೃಶ್ಯ ಅವಳ ಪರವಾಗಿಯೇ ಸಾಕ್ಷಿ ನುಡಿದಿರಬಹುದು. ಆದರೆ ತೋರಿಸಲೇ ಎಂದು ಅವಳನ್ನು ಯಾರಾದರೂ ಕೇಳಿದರೇ? ದೇಹದ ಮೇಲಿನ ಪೆಟ್ಟು ಮಾಯುತ್ತದೆ. ಮಾನದ ಮೇಲಿನ ಪೆಟ್ಟು, ಪ್ರತಿಯೊಂದು ಪ್ರದರ್ಶನದಲ್ಲೂ ಹೊಸದಾಗಿ ಬೀಳುತ್ತದೆ.

ನಮ್ಮ ದೇಶದ ಕಾನೂನು ಈ ಸತ್ಯವನ್ನು ಬಲ್ಲುದು. ಲೈಂಗಿಕ ದೌರ್ಜನ್ಯಕ್ಕೊಳಗಾದ ಮಗುವಿನ ಗುರುತನ್ನು ಮಾಧ್ಯಮಗಳು ಬಯಲು ಮಾಡುವುದನ್ನು 2012ರ ಪೋಕ್ಸೊ ಕಾಯ್ದೆ ನಿಷೇಧಿಸುತ್ತದೆ. ಅತ್ಯಾಚಾರದ ಸಂತ್ರಸ್ತೆಯ ಗುರುತನ್ನು ಬಹಿರಂಗಪಡಿಸುವುದು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 72ನೆಯ ಕಲಮಿನಡಿ ಅಪರಾಧ. ಇಂಥ ಸಂದರ್ಭಗಳಲ್ಲಿ ಮುಖವನ್ನು ಮರೆಮಾಡುವುದು ಕರುಣೆಯೂ ಹೌದು, ಕರ್ತವ್ಯವೂ ಹೌದು.

ಮುಖವನ್ನು ಮಬ್ಬುಗೊಳಿಸಿ ತೋರಿಸುವ ರೂಢಿ ಟಿವಿಯಲ್ಲಿ ಹಿಂದಿನಿಂದಲೂ ಇದೆ. ಆದರೆ ಮಬ್ಬಾದ ಮುಖ ಮಾತನಾಡುವುದಿಲ್ಲ. ಅದನ್ನು ನೋಡಿದರೆ ಇವನೇ ಏನೋ ತಪ್ಪು ಮಾಡಿರಬೇಕೆಂಬ ಶಂಕೆಯೂ ಮೂಡುತ್ತದೆ. ಗೆರೆಯ ಮುಖವಾದರೆ ನಗಬಲ್ಲದು, ಅಳಬಲ್ಲದು. 2021ರಲ್ಲಿ ಬಂದ ‘ಫ್ಲೀ’ ಎಂಬ ಚಿತ್ರ ಇದಕ್ಕೆ ಒಳ್ಳೆಯ ನಿದರ್ಶನ. ಅಫ್ಗಾನಿಸ್ತಾನದಿಂದ ಬಾಲ್ಯದಲ್ಲಿ ಓಡಿಬಂದು ಡೆನ್ಮಾರ್ಕಿನಲ್ಲಿ ನೆಲೆ ಕಂಡ ನಿರಾಶ್ರಿತರೊಬ್ಬರು ತಮ್ಮ ಬದುಕಿನ ಕಥೆಯನ್ನು ಗೆಳೆಯನಾದ ನಿರ್ದೇಶಕ ಯೋನಾಸ್ ಪೊಹೆರ್ ರಾಸ್ಮುಸೆನ್ ಅವರ ಮುಂದೆ ತೋಡಿಕೊಂಡರು. ಧ್ವನಿ ಅವರದೇ, ಕಥೆ ನಿಜವೇ. ಆದರೆ ಹೆಸರನ್ನು ಬದಲಿಸಿ, ಮುಖವನ್ನು ಚಿತ್ರವಾಗಿ ಬರೆದು ತೋರಿಸಲಾಯಿತು. ಆ ಮರೆ ಇದ್ದುದರಿಂದಲೇ ಅವರಿಗೆ ಬಾಯಿಬಿಟ್ಟು ಹೇಳಿಕೊಳ್ಳಲು ಸಾಧ್ಯವಾಯಿತು. ಸತ್ಯ ಹೊರಬರಲೆಂದು ಮುಖ ಮರೆಯಾಯಿತು.

ಯಾರ ಸಲುವಾಗಿ?

ಒಂದೇ ಗೆರೆ ಒಂದೆಡೆ ಅಪರಾಧಿಯನ್ನು ಅಡಗಿಸುತ್ತದೆ, ಇನ್ನೊಂದೆಡೆ ನೊಂದವರನ್ನು ಕಾಪಾಡುತ್ತದೆ. ಹಾಗಾದರೆ ಇವೆರಡನ್ನು ಬೇರ್ಪಡಿಸುವುದು ಹೇಗೆ? ಗೆರೆಯನ್ನು ಯಾರ ಸಲುವಾಗಿ ಎಳೆಯಲಾಯಿತು ಎಂದು ಕೇಳಿದರೆ ಉತ್ತರ ತಾನಾಗಿಯೇ ಸ್ಪಷ್ಟವಾಗುತ್ತದೆ. ಚಿತ್ರದಲ್ಲಿರುವವರ ಸಲುವಾಗಿಯೇ, ನೋಡುವವರ ಸಲುವಾಗಿಯೇ?

20ನೆಯ ಶತಮಾನದ ತತ್ತ್ವಜ್ಞಾನಿ ಇಮ್ಯಾನ್ಯುಯೆಲ್ ಲೆವಿನಾಸ್ ಮನುಷ್ಯನ ಮುಖದ ಬಗೆಗೆ ಆಳವಾಗಿ ಚಿಂತಿಸಿದವರು. ಲಿಥುವೇನಿಯಾದಲ್ಲಿ ಹುಟ್ಟಿ ಫ್ರಾನ್ಸಿನಲ್ಲಿ ನೆಲೆಸಿದ ಈ ಯೆಹೂದ್ಯ ಚಿಂತಕರು ಎರಡನೆಯ ಮಹಾಯುದ್ಧದಲ್ಲಿ ಜರ್ಮನರ ಸೆರೆಯಾಳಾಗಿದ್ದರು. ಅತ್ತ ಲಿಥುವೇನಿಯಾದಲ್ಲಿ ಅವರ ಹೆತ್ತವರೂ ಸಹೋದರರೂ ಹತರಾದರು. 1961ರ ತಮ್ಮ ‘ಸಮಗ್ರತೆ ಮತ್ತು ಅನಂತತೆ’ ಎಂಬ ಗ್ರಂಥದಲ್ಲಿ ಅವರು ಪ್ರತಿಪಾದಿಸುವುದು ಇದನ್ನು: ಎದುರಿಗಿರುವವನ ಮುಖ ನಾವು ನೋಡಿ ಅಳೆಯುವ ಒಂದು ವಸ್ತುವಲ್ಲ. ಅದು ನಮ್ಮನ್ನು ತಡೆದು ನಿಲ್ಲಿಸುತ್ತದೆ, ಕೊಲ್ಲಬೇಡ ಎಂದು ಆಜ್ಞಾಪಿಸುತ್ತದೆ. ನಾವು ಒಪ್ಪಿಕೊಳ್ಳುವ ಮೊದಲೇ ನಮ್ಮ ಮೇಲೆ ಹೊಣೆಯನ್ನು ಹೊರಿಸುತ್ತದೆ. ನೊಂದ ಮುಖವನ್ನು ನೋಡಲು ನಮಗೆ ಕಷ್ಟವಾಗುವುದು ಈ ಹೊಣೆಯ ಭಾರದಿಂದಲೇ. ಆ ಕಷ್ಟವನ್ನು ತಪ್ಪಿಸಿಕೊಳ್ಳಲು ಮುಖದ ಮೇಲೆ ಬಣ್ಣ ಬಳಿದರೆ, ನಾವು ಕಳಚಿಹಾಕುತ್ತಿರುವುದು ಹೊಣೆಯನ್ನೇ.

2025ರ ಮಾರ್ಚ್ ತಿಂಗಳಲ್ಲಿ, ತಮ್ಮ ಭಾವಚಿತ್ರಗಳನ್ನು ಮಿಯಾಜಾಕಿಯವರ ‘ಘಿಬ್ಲಿ’ ಸಂಸ್ಥೆಯ ಶೈಲಿಗೆ ಪರಿವರ್ತಿಸಿಕೊಳ್ಳುವ ಹುಚ್ಚು ಜಗತ್ತಿನೆಲ್ಲೆಡೆ ಹಬ್ಬಿತು. ಬಹುಪಾಲು ಅದು ನಿರಪಾಯದ ವಿನೋದವೇ ಆಗಿತ್ತು. ಆದರೆ ಅದೇ ದಿನಗಳಲ್ಲಿ ಅಮೆರಿಕದ ಅಧ್ಯಕ್ಷರ ಕಚೇರಿಯಾದ ವೈಟ್ ಹೌಸ್, ಗಡೀಪಾರಿಗಾಗಿ ಬಂಧಿತಳಾಗಿ ಅಳುತ್ತಿರುವ ಮಹಿಳೆಯೊಬ್ಬಳ ಚಿತ್ರವನ್ನು ಅದೇ ಶೈಲಿಯಲ್ಲಿ ತಯಾರಿಸಿ ತನ್ನ ಅಧಿಕೃತ ಖಾತೆಯಲ್ಲಿ ಪ್ರಕಟಿಸಿತು. ಆಕೆಯ ಮೇಲೆ ಆರೋಪಗಳಿದ್ದವು, ನಿಜ. ಆರೋಪಗಳನ್ನು ವಿಚಾರಿಸಲು ಕಾನೂನಿದೆ, ನ್ಯಾಯಾಲಯವಿದೆ. ಆದರೆ ಅಳುವ ಮುಖವನ್ನು ಮುದ್ದು ಚಿತ್ರವಾಗಿಸಿ ನೋಡುಗರ ಮುಂದಿಡುವುದು ಯಾವ ನ್ಯಾಯಕ್ಕೂ ಬೇಕಿರಲಿಲ್ಲ. ಅಪರಾಧಿಯ ಕಣ್ಣೀರೂ ಕಣ್ಣೀರೇ. ಇಲ್ಲಿ ಗೆರೆ ಯಾರನ್ನೂ ಕಾಪಾಡಲಿಲ್ಲ. ನೋಡುವವರು ನಿರಾಳವಾಗಿ ನಗಲೆಂದು ಎಳೆದ ಗೆರೆ ಅದು.

ಮುಖದ ಕಡೆಗೆ ಮರಳುವ ದಾರಿ

ಇದಕ್ಕೆ ವ್ಯತಿರಿಕ್ತವಾಗಿ, ದೊಡ್ಡ ದುರಂತಗಳನ್ನು ಗೌರವದಿಂದ ಚಿತ್ರಿಸಿದ ಕೃತಿಗಳೂ ಇವೆ. 1966ರ ಆಗಸ್ಟ್ 1ರಂದು ಅಮೆರಿಕದ ಟೆಕ್ಸಸ್ ವಿಶ್ವವಿದ್ಯಾಲಯದ ಗೋಪುರವನ್ನೇರಿದ ಬಂದೂಕುಧಾರಿಯೊಬ್ಬ ಕೆಳಗಿದ್ದವರ ಮೇಲೆ ಗುಂಡಿನ ಮಳೆಗರೆದನು. ಐವತ್ತು ವರ್ಷಗಳ ಅನಂತರ, 2016ರಲ್ಲಿ, ಕೀತ್ ಮೇಟ್‌ಲ್ಯಾಂಡ್ ಎಂಬ ನಿರ್ದೇಶಕರು ‘ಟವರ್’ ಎಂಬ ಸಾಕ್ಷ್ಯಚಿತ್ರ ಮಾಡಿದರು. ಬದುಕುಳಿದವರ ಮಾತುಗಳನ್ನು ಯುವ ನಟರಿಂದ ಅಭಿನಯಿಸಿ, ಆ ದೃಶ್ಯಗಳ ಮೇಲೆ ರೋಟೊಸ್ಕೋಪ್ ವಿಧಾನದಿಂದ ಚಿತ್ರ ಬರೆಸಿದರು. ಪ್ರೇಕ್ಷಕರು ಬಹಳ ಹೊತ್ತು ಗೆರೆಯ ಮುಖಗಳನ್ನೇ ನೋಡುತ್ತಿರುತ್ತಾರೆ. ಬಳಿಕ ಒಂದು ಗಳಿಗೆಯಲ್ಲಿ ಗೆರೆ ಸರಿದು, ಈಗ ವಯಸ್ಸಾಗಿರುವ ಆ ನಿಜವಾದ ಮುಖಗಳು ತೆರೆಯ ಮೇಲೆ ಕಾಣಿಸಿಕೊಳ್ಳುತ್ತವೆ.

ಇಸ್ರೇಲಿನ ಆರಿ ಫೋಲ್ಮನ್ ಅವರ 2008ರ ‘ವಾಲ್ಟ್ಸ್ ವಿತ್ ಬಶೀರ್’ ಚಿತ್ರವೂ ಹೀಗೆಯೇ. ಲೆಬನಾನಿನ ಸಾಬ್ರಾ ಮತ್ತು ಶತೀಲಾ ನಿರಾಶ್ರಿತರ ವಸತಿಗಳಲ್ಲಿ 1982ರಲ್ಲಿ ನಡೆದ ನರಮೇಧವೇ ಅದರ ವಸ್ತು. ಮೊದಲು ವಿಡಿಯೊ ಮಾಡಿಕೊಂಡು, ಅದನ್ನು ಮಾದರಿಯಾಗಿಟ್ಟುಕೊಂಡು ಹೊಸದಾಗಿ ಚಿತ್ರ ಬರೆದು ಅದನ್ನು ನಿರ್ಮಿಸಲಾಯಿತು. ಆದರೆ ಕೊನೆಯ ಕ್ಷಣಗಳಲ್ಲಿ ಚಿತ್ರ ನಿಂತು, ಅಂದಿನ ನಿಜವಾದ ದೃಶ್ಯಗಳು, ಗೋಳಿಡುವ ಹೆಂಗಸರು, ನೆಲದ ಮೇಲಿನ ಶವಗಳು ಕಾಣುತ್ತವೆ. ಇದೆಲ್ಲ ಬರಿಯ ಚಿತ್ರ ಎಂದುಕೊಂಡು ಎದ್ದುಹೋಗಲು ನಿರ್ದೇಶಕರು ಯಾರಿಗೂ ಅವಕಾಶ ಕೊಡುವುದಿಲ್ಲ.

ಈ ಎರಡೂ ಕೃತಿಗಳು ಗೆರೆಯನ್ನು ಬಳಸಿದವು, ಆದರೆ ಗೆರೆಯಲ್ಲಿಯೇ ನಮ್ಮನ್ನು ಬಿಟ್ಟುಹೋಗಲಿಲ್ಲ. ‘ಯಾರಾದರೂ’ ಎಂಬಲ್ಲಿಂದ ಕೈಹಿಡಿದು ಕರೆತಂದು ‘ಇವರು’ ಎಂಬಲ್ಲಿ ನಿಲ್ಲಿಸಿದವು.

ನಮಗೆಲ್ಲ ಚಿರಪರಿಚಿತವಾದ ದಯಾಳು ಸಮಾರಿಯದವನ ಸಾಮತಿಯ ನಡೆಯೂ ಇದೇ. ತನ್ನ ನೆರೆಯವನು ಯಾರು ಎಂದು ಧರ್ಮಶಾಸ್ತ್ರಿಯೊಬ್ಬ ಕೇಳುತ್ತಾನೆ. ಯೇಸುಸ್ವಾಮಿ ವ್ಯಾಖ್ಯಾನ ನೀಡುವುದಿಲ್ಲ. ಜೆರುಸಲೇಮಿನಿಂದ ಜೆರಿಕೊವಿಗೆ ಇಳಿಯುವ ದಾರಿಯಲ್ಲಿ ಕಳ್ಳರ ಕೈಗೆ ಸಿಕ್ಕಿ ಅರೆಜೀವವಾಗಿ ಬಿದ್ದ ಒಬ್ಬನ ಕಥೆ ಹೇಳುತ್ತಾರೆ. ಆ ಮನುಷ್ಯನಿಗೆ ಹೆಸರಿಲ್ಲ, ಮುಖಚಹರೆಯ ವರ್ಣನೆಯಿಲ್ಲ. ಕೆಲವೇ ಗೆರೆಗಳಲ್ಲಿ ಬರೆದ ರೇಖಾಚಿತ್ರದಂತಿದ್ದಾನೆ ಅವನು. ಆದುದರಿಂದಲೇ ಎರಡು ಸಾವಿರ ವರ್ಷಗಳಿಂದ ಪ್ರತಿಯೊಂದು ನಾಡಿನವರೂ ಅವನಲ್ಲಿ ತಮ್ಮ ಊರಿನ ಗಾಯಾಳುವನ್ನು ಕಂಡಿದ್ದಾರೆ. ಆದರೆ ಕಥೆ ಕೇಳುಗನನ್ನು ಕಥೆಯೊಳಗೇ ಕುಳ್ಳಿರಿಸುವುದಿಲ್ಲ. ಹೋಗಿ ನೀನೂ ಹಾಗೆಯೇ ಮಾಡು ಎಂದು ಅವನನ್ನು ನಿಜವಾದ ದಾರಿಗೆ, ಅಲ್ಲಿ ಬಿದ್ದಿರುವ ನಿಜವಾದ ಮನುಷ್ಯನ ಬಳಿಗೆ ಅಟ್ಟುತ್ತದೆ. ನಮ್ಮ ದೇವಾಲಯಗಳ ಗೋಡೆಯ ಮೇಲಿರುವ ಶಿಲುಬೆಹಾದಿಯ ಹದಿನಾಲ್ಕು ಚಿತ್ರಗಳೂ ಹಾಗೆಯೇ ತೀರ ಸರಳವಾದವು. ಆರನೆಯ ಸ್ಥಳದಲ್ಲಿ ವೆರೋನಿಕಳು ಗುಂಪನ್ನು ಸೀಳಿಕೊಂಡು ಬಂದು ರಕ್ತ ಬೆವರು ತುಂಬಿದ ಮುಖವನ್ನು ಒರೆಸುತ್ತಾಳೆ. ಅವಳ ಬಟ್ಟೆಯ ಮೇಲೆ ಮುಖದ ಅಚ್ಚು ಮೂಡಿತೆಂದು ಪರಂಪರೆ ಹೇಳುತ್ತದೆ. ಮೊದಲು ಅವಳು ಮುಖವನ್ನು ಮುಟ್ಟಿದಳು. ಚಿತ್ರ ದೊರೆತದ್ದು ಆಮೇಲೆ.

ನಮ್ಮ ಮನೆಗಳಲ್ಲಿ

ಪ್ರಿಯ ಓದುಗರೇ, ಈ ವಿಚಾರ ದೂರದ ಚಲನಚಿತ್ರ ನಿರ್ಮಾಪಕರಿಗೆ ಮಾತ್ರ ಸಂಬಂಧಿಸಿದ್ದಲ್ಲ. ಅಪಘಾತದ ದೃಶ್ಯ, ಬೀದಿಜಗಳದ ದೃಶ್ಯ, ಕುಡಿದು ಬಿದ್ದವನ ದೃಶ್ಯ, ಮರೆವಿನ ಕಾಯಿಲೆಯಿಂದ ತೊದಲುವ ಅಜ್ಜನ ದೃಶ್ಯ ದಿನನಿತ್ಯ ನಮ್ಮ ಕೈಗೆ ಬರುತ್ತವೆ; ಅವನ್ನು ಕಾರ್ಟೂನ್ ಮಾಡಿ ಹಂಚಿದರೆ ಪರವಾಗಿಲ್ಲ, ಯಾರ ಮುಖವೂ ಕಾಣುವುದಿಲ್ಲವಲ್ಲ ಎಂದು ಮಕ್ಕಳು ವಾದಿಸಬಹುದು. ಮನೆಯ ಹಿರಿಯರು ಆಗ ಮಕ್ಕಳೊಡನೆ ಕುಳಿತು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಲೇಸು.

ಮೊದಲನೆಯದು, ಈ ದೃಶ್ಯದಲ್ಲಿರುವವರನ್ನು ಕೇಳಿದ್ದೇವೆಯೇ? ಕೇಳುವ ಸ್ಥಿತಿಯಲ್ಲಿ ಅವರಿಲ್ಲದಿದ್ದರೆ, ಅವರ ಪರವಾಗಿ ಮಾತನಾಡಬಲ್ಲ ಆಪ್ತರನ್ನಾದರೂ ಕೇಳಿದ್ದೇವೆಯೇ? ಊರಿನವರಿಗೆ ಗೆರೆಯ ಮುಖವೂ ಗುರುತು ಸಿಗುತ್ತದೆ. ನಡಿಗೆ, ಧ್ವನಿ, ಉಟ್ಟ ಸೀರೆ ಸಾಕು.

ಎರಡನೆಯದು, ಮೂಲ ದೃಶ್ಯವನ್ನು ಹಾಗೆಯೇ ಉಳಿಸಿದ್ದೇವೆಯೇ? ಅನ್ಯಾಯವೊಂದಕ್ಕೆ ಸಾಕ್ಷಿಯಾದ ವಿಡಿಯೊವನ್ನು ಯಾವ ಕಾರಣಕ್ಕೂ ತಿದ್ದಬಾರದು. 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನ ಪ್ರಕಾರ ವಿದ್ಯುನ್ಮಾನ ದಾಖಲೆಯೊಂದಿಗೆ ಸಲ್ಲಿಸುವ ಪ್ರಮಾಣಪತ್ರದಲ್ಲಿ ಅದರ ‘ಹ್ಯಾಶ್’ ಸಂಖ್ಯೆಯನ್ನು ನಮೂದಿಸಬೇಕಾಗುತ್ತದೆ. ಕಡತದ ಒಳಗಿನ ಒಂದು ಚುಕ್ಕೆ ಬದಲಾದರೂ ಆ ಸಂಖ್ಯೆ ಬದಲಾಗಿಬಿಡುತ್ತದೆ. ಹಂಚಲು ಕಾರ್ಟೂನ್ ಪ್ರತಿ ಬೇಕಿದ್ದರೆ ಬೇರೆಯಾಗಿ ಮಾಡಿ, ಅದು ಮಾರ್ಪಡಿಸಿದ್ದೆಂದು ಸ್ಪಷ್ಟವಾಗಿ ಬರೆದು ತೋರಿಸಬೇಕು. ಮೂಲವನ್ನು ನ್ಯಾಯಕ್ಕಾಗಿ ಕಾದಿಡಬೇಕು.

ಮೂರನೆಯದು, ನೋಡಿದವರು ಇದನ್ನು ನೋಡಿ ಏನು ಮಾಡಲಿ ಎಂದು ನಾವು ಬಯಸುತ್ತೇವೆ? ನಕ್ಕು ಮುಂದಕ್ಕೆ ಸರಿಸಲಿ ಎಂದಾದರೆ ಆ ಚಿತ್ರ ಬೇಡವೇ ಬೇಡ. ನೊಂದವರ ಕಡೆಗೆ ಒಂದು ಹೆಜ್ಜೆ ಇಡಲಿ ಎಂದಾದರೆ, ಆ ಹೆಜ್ಜೆ ಯಾವುದೆಂದು ಮೊದಲು ನಾವೇ ಅರಿತಿರಬೇಕು.

ಮಹದಾಯಿ ನ್ಯಾಯಮಂಡಳಿ 2018ರ ಆಗಸ್ಟ್ 14ರಂದು ತನ್ನ ಅಂತಿಮ ತೀರ್ಪಿನಲ್ಲಿ ಕರ್ನಾಟಕಕ್ಕೆ 13.42 ಟಿಎಂಸಿ ಅಡಿ ನೀರನ್ನು ಹಂಚಿಕೆ ಮಾಡಿತು. ಅಂಕಿಅಂಶಗಳು ಹೀಗೆ ಗೆಜೆಟಿನಲ್ಲೂ ಪುಸ್ತಕದಲ್ಲೂ ದಾಖಲಾಗಿ ಉಳಿಯುತ್ತವೆ. ಅವುಗಳ ಹಿಂದೆ ಏಟು ತಿಂದವರು ಮಾತ್ರ ಯಾವ ಅಂಕಿಯಲ್ಲೂ ಸೇರುವುದಿಲ್ಲ. ಅವರಲ್ಲಿ ಒಬ್ಬರು ನಾಳೆ ಜಾತ್ರೆಯಲ್ಲೋ ಸಂತೆಯಲ್ಲೋ ಬಸ್ಸಿನ ಪಕ್ಕದ ಆಸನದಲ್ಲೋ ನಮಗೆ ಎದುರಾಗಬಹುದು. ಫೋನನ್ನು ಕಿಸೆಗಿಟ್ಟು, ‘ಹೆಂಗದೀರಿ, ಯಜಮಾನರ?’ ಎಂದು ಅವರ ಮುಖ ನೋಡಿ ವಿಚಾರಿಸುವ ಅಭ್ಯಾಸವನ್ನು ನಮ್ಮ ಮಕ್ಕಳಿಗೆ ಉಳಿಸಿಕೊಡೋಣ.